ನಗರ ಮತ್ತು ಹೊರವಲಯದ ಚರ್ಚುಗಳ ಸಹಭಾಗಿತ್ವ

ನಗರ ಮತ್ತು ಹೊರವಲಯದ ಚರ್ಚುಗಳ ಸಹಭಾಗಿತ್ವ ಎಂದರೆ ಒಂದು ನಗರದ ಹಳೆಯ ಭಾಗದಲ್ಲಿರುವ ಕ್ರೈಸ್ತ ಸಭೆಗಳೂ ಅದರ ಅಂಚಿನ ಬಡಾವಣೆ ಹಾಗೂ ಹಳ್ಳಿಗಳ ಸಭೆಗಳೂ ಆರಾಧನೆ, ಹಣಕಾಸು, ಸಿಬ್ಬಂದಿ ಮತ್ತು ಸಮಾಜಸೇವೆಯ ಹೊಣೆಯನ್ನು ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆ. ಒಂದು ಸಭೆ ಇನ್ನೊಂದಕ್ಕೆ ನೀಡುವ ನೆರವಿಗಿಂತ ಇದು ಭಿನ್ನವಾದುದು. ಇಲ್ಲಿ ಎರಡೂ ಸಭೆಗಳಿಗೆ ನಿರ್ಧಾರ ಕೈಗೊಳ್ಳುವ ಅಧಿಕಾರವಿರುತ್ತದೆ.

ಹಿನ್ನೆಲೆ

ಸಭೆಗಳ ನಡುವಿನ ಕೊಡುಕೊಳ್ಳುವಿಕೆಗೆ ಮೂಲ ಮಾದರಿಯಾಗಿ ಹೊಸ ಒಡಂಬಡಿಕೆಯ ಒಂದು ಪ್ರಸಂಗವನ್ನು ಉಲ್ಲೇಖಿಸಲಾಗುತ್ತದೆ. ಜೆರುಸಲೇಮಿನ ಬಡವರಿಗಾಗಿ ಪೌಲನು ಮಕೆದೋನ್ಯ ಮತ್ತು ಅಖಾಯದ ಸಭೆಗಳಿಂದ ಹಣ ಸಂಗ್ರಹಿಸಿದನು. ಆ ಸಭೆಗಳು ಜೆರುಸಲೇಮಿನಿಂದ ಆತ್ಮಿಕ ಸಂಪತ್ತನ್ನು ಪಡೆದಿದ್ದುದರಿಂದ ಇದನ್ನು ದಾನವೆನ್ನದೆ ಋಣ ತೀರಿಸುವಿಕೆ ಎಂದು ಆತನು ಪರಿಗಣಿಸಿದನು.

19ನೆಯ ಶತಮಾನದಲ್ಲಿ ಹೆನ್ರಿ ವೆನ್ ಮತ್ತು ರೂಫಸ್ ಆಂಡರ್ಸನ್ ಅವರು ಸ್ಥಳೀಯ ಸಭೆಯು ಸ್ವಯಂ ಆಡಳಿತ, ಸ್ವಯಂ ಪೋಷಣೆ ಮತ್ತು ಸ್ವಯಂ ವಿಸ್ತರಣೆಯ ಸಾಮರ್ಥ್ಯ ಪಡೆಯಬೇಕೆಂಬ ತತ್ತ್ವವನ್ನು ಮಂಡಿಸಿದರು. 1910ರ ಎಡಿನ್‌ಬರೊ ಮಿಷನರಿ ಸಮ್ಮೇಳನದಲ್ಲಿ ವಿ. ಎಸ್. ಅಜರಾಯ ಅವರು, ಭಾರತೀಯ ಸಭೆಗೆ ಮಿಷನರಿಗಳ ತ್ಯಾಗದ ಜೊತೆಗೆ ಸಮಾನ ನೆಲೆಯ ಸ್ನೇಹವೂ ಬೇಕೆಂದು ವಾದಿಸಿದರು.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಬಳಿಕ ಶ್ವೇತವರ್ಣೀಯ ಮಧ್ಯಮ ವರ್ಗದವರು ಉಪನಗರಗಳಿಗೆ ತೆರಳಿದ್ದರಿಂದ ಅಲ್ಲಿ ಸಾಮಾನ್ಯವಾಗಿ ಉಪನಗರದ ಸಭೆಗಳು ಶ್ರೀಮಂತವಾಗಿಯೂ ನಗರದೊಳಗಿನ ಸಭೆಗಳು ಬಡವಾಗಿಯೂ ಉಳಿದವು. ಬೆಂಗಳೂರಿನಲ್ಲಿ ಇದರ ವಿಲೋಮ ಸ್ಥಿತಿಯನ್ನು ಕಾಣಬಹುದು.

ಬೆಂಗಳೂರಿನ ಸಂದರ್ಭ

ಬೆಂಗಳೂರಿನ ಹಳೆಯ ಚರ್ಚುಗಳಲ್ಲಿ ಹಲವು ದಂಡುಪ್ರದೇಶ ಹಾಗೂ ಪೇಟೆಯ ಆಸುಪಾಸಿನಲ್ಲಿವೆ. 1808ರಲ್ಲಿ ಆರಂಭವಾದ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಮತ್ತು ಕನ್ನಡ ಸಭೆಯಾದ ಹಡ್ಸನ್ ಸ್ಮಾರಕ ಚರ್ಚ್ ಇವುಗಳಲ್ಲಿ ಪ್ರಮುಖವಾದವು. ನಗರದ ಅಂಚಿನ ಹಳ್ಳಿಗಳ ಸಭೆಗಳು ಹೆಚ್ಚಾಗಿ ಚಿಕ್ಕವು. ಹಲವೆಡೆ ಅವು ದೊಡ್ಡ ಸಭೆಯ ಉಪಕೇಂದ್ರಗಳಾಗಿ ಬೆಳೆದವು.

ಆದರೆ ಅಂಚು ಎಂಬುದು ಸ್ಥಿರವಾಗಿ ಉಳಿಯುವುದಿಲ್ಲ. ಬಿಟಿಎಂ ಲೇಔಟ್ ಇದಕ್ಕೆ ನಿದರ್ಶನ. ಬೈರಸಂದ್ರ, ತಾವರೆಕೆರೆ ಮತ್ತು ಮಡಿವಾಳ ಎಂಬ ಹಳ್ಳಿಗಳ ಹೆಸರುಗಳ ಮೊದಲಕ್ಷರಗಳಿಂದ ಇದಕ್ಕೆ ಈ ಹೆಸರು ಬಂದಿದೆ. ಒಂದು ಕಾಲದಲ್ಲಿ ನಗರದ ಹೊರಗಿದ್ದ ಈ ಪ್ರದೇಶವು ಇಂದು ದಕ್ಷಿಣ ಬೆಂಗಳೂರಿನ ಜನನಿಬಿಡ ಭಾಗವಾಗಿದೆ. ಇದರ ಸಮೀಪದಲ್ಲಿ ಧರ್ಮಾರಾಮ್ ಕಾಲೇಜು, 1969ರಲ್ಲಿ ಕ್ರೈಸ್ಟ್ ಕಾಲೇಜಾಗಿ ಆರಂಭವಾದ ಕ್ರೈಸ್ಟ್ ವಿಶ್ವವಿದ್ಯಾಲಯ ಹಾಗೂ 1963ರಲ್ಲಿ ಸ್ಥಾಪನೆಯಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜುಗಳಿವೆ. ನಿನ್ನೆಯ ಹೊರವಲಯವು ಹೀಗೆ ಇಂದು ಆನೇಕಲ್ ಮತ್ತು ಸರ್ಜಾಪುರ ಕಡೆಯ ಹಳ್ಳಿಗಳ ಪಾಲಿಗೆ 'ನಗರ'ವಾಗಿದೆ.

ಕಾರ್ಯವಿಧಾನ

1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಮೈಸೂರು ಸಭಾಪ್ರಾಂತ್ಯವು 1970ರಲ್ಲಿ ಮೂರಾಗಿ ವಿಭಜನೆಗೊಂಡಿತು. ಅವುಗಳಲ್ಲಿ ಒಂದಾದ ಕರ್ನಾಟಕ ಸೆಂಟ್ರಲ್ ಸಭಾಪ್ರಾಂತ್ಯವು ಬೆಂಗಳೂರಿನ ದೊಡ್ಡ ಸಭೆಗಳನ್ನೂ ತುಮಕೂರು, ಕೋಲಾರ ಭಾಗದ ಗ್ರಾಮಸಭೆಗಳನ್ನೂ ಒಂದೇ ಆಡಳಿತದಡಿ ಹೊಂದಿದೆ. ಸಭಾಪಾಲಕರ ವರ್ಗಾವಣೆಯಿಂದಾಗಿ ಹಳ್ಳಿಯಲ್ಲಿ ಸೇವೆ ಸಲ್ಲಿಸಿದವರ ಅನುಭವ ನಗರಕ್ಕೂ, ನಗರದವರ ಅನುಭವ ಹಳ್ಳಿಗೂ ತಲುಪುತ್ತದೆ.

ಕಥೋಲಿಕ ಸಭೆಯಲ್ಲಿ 1940ರಲ್ಲಿ ರಚನೆಯಾಗಿ 1953ರಲ್ಲಿ ಮಹಾಧರ್ಮಕ್ಷೇತ್ರವಾದ ಬೆಂಗಳೂರಿನ ವ್ಯಾಪ್ತಿಯೂ ಗ್ರಾಮೀಣ ಜಿಲ್ಲೆಗಳನ್ನು ಒಳಗೊಂಡಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1274ನೆಯ ವಿಧಿಯು ಧರ್ಮಕ್ಷೇತ್ರಗಳಲ್ಲಿ ಸಾಮಾನ್ಯ ನಿಧಿಗೆ ಅವಕಾಶ ಕಲ್ಪಿಸುತ್ತದೆ. ಸ್ಥಿತಿವಂತ ಧರ್ಮಕ್ಷೇತ್ರಗಳು ಬಡ ಧರ್ಮಕ್ಷೇತ್ರಗಳಿಗೆ ನೆರವಾಗಲೂ ಈ ನಿಧಿ ಬಳಕೆಯಾಗಬಹುದು.

ಸಭೆಗಳ ಹೊರತಾಗಿ ಕ್ರೈಸ್ತ ಸಂಸ್ಥೆಗಳ ಮೂಲಕವೂ ಇಂತಹ ಸಂಬಂಧ ಬೆಳೆದಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆನೇಕಲ್ ತಾಲ್ಲೂಕಿನ ಮುಗಳೂರಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವನ್ನು ನಡೆಸುತ್ತದೆ. ಅಲ್ಲಿ ಹಳ್ಳಿಗರಿಗೆ ಚಿಕಿತ್ಸೆ ದೊರೆಯುತ್ತದೆ. ವಿದ್ಯಾರ್ಥಿಗಳಿಗೆ ಆಸ್ಪತ್ರೆಯೊಳಗೆ ದೊರೆಯದ ಗ್ರಾಮೀಣ ಆರೋಗ್ಯದ ತಿಳಿವಳಿಕೆ ಲಭಿಸುತ್ತದೆ.

ತೊಡಕುಗಳು

ಹಣ ನೀಡುವ ಸಭೆಯೇ ಕಾರ್ಯಕ್ರಮವನ್ನೂ ನಿರ್ಧರಿಸಿದಾಗ ಪಡೆಯುವ ಸಭೆಯು ಅವಲಂಬಿತವಾಗುತ್ತದೆ. ಕಟ್ಟಡ ಕಟ್ಟಿಕೊಟ್ಟು ಅದರ ನಿರ್ವಹಣಾ ವೆಚ್ಚವನ್ನು ಲೆಕ್ಕಿಸದಿರುವುದು ಮತ್ತು ಅಲ್ಪಾವಧಿಯ ಭೇಟಿಗಳನ್ನೇ ಸೇವೆಯೆಂದು ಭಾವಿಸುವುದು ಇತರ ಸಾಮಾನ್ಯ ದೋಷಗಳು.

ಬೆಂಗಳೂರಿನಲ್ಲಿ ಭಾಷೆಯೂ ಸೂಕ್ಷ್ಮವಾದ ವಿಷಯ. ಇಂಗ್ಲಿಷ್, ತಮಿಳು, ಮಲಯಾಳಂ, ಕೊಂಕಣಿ ಮತ್ತು ಕನ್ನಡ ಭಾಷಿಕರ ಸಭೆಗಳು ಒಂದೇ ನಗರದಲ್ಲಿವೆ. ಆರಾಧನೆಯಲ್ಲಿ ಕನ್ನಡದ ಸ್ಥಾನಮಾನದ ಕುರಿತು ಕಥೋಲಿಕ ವಲಯದಲ್ಲಿ ದಶಕಗಳಿಂದ ವಿವಾದ ನಡೆದಿದೆ. ಜಂಟಿ ಸಭೆಯು ಇಂಗ್ಲಿಷಿನಲ್ಲಷ್ಟೇ ನಡೆದರೆ ಕನ್ನಡ ಮಾತ್ರ ಬಲ್ಲ ಹಳ್ಳಿಯ ಪ್ರತಿನಿಧಿಯು ಕೇಳುಗನಾಗಿಯೇ ಉಳಿಯುತ್ತಾನೆ.

ಆರೋಗ್ಯಕರ ಸಹಭಾಗಿತ್ವದ ಲಕ್ಷಣಗಳು

* ಅಗತ್ಯಗಳನ್ನು ಸ್ಥಳೀಯ ಸಭೆಯೇ ಗುರುತಿಸುವುದು.
* ಜಂಟಿ ಸಮಿತಿಯಲ್ಲಿ ಎರಡೂ ಕಡೆಯವರಿಗೆ ಸಮಾನ ಪ್ರಾತಿನಿಧ್ಯ. ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಕಲಾಪ.
* ಲೆಕ್ಕಪತ್ರಗಳು ಇಬ್ಬರಿಗೂ ಮುಕ್ತವಾಗಿರುವುದು.
* ಹಣದ ನೆರವಿಗೆ ಕಾಲಮಿತಿ; ಸ್ನೇಹಕ್ಕೆ ಕಾಲಮಿತಿ ಇಲ್ಲದಿರುವುದು.
* ಗಾಯನ, ಬೋಧನೆ, ಕೃಷಿಜ್ಞಾನ, ಜನಸಂಪರ್ಕ ಮೊದಲಾದ ಹಣೇತರ ಕೊಡುಗೆಗಳನ್ನೂ ಪರಿಗಣಿಸುವುದು.

ನಗರವು ವಿಸ್ತರಿಸಿದಂತೆ ಪಡೆಯುವ ಸಭೆಯೇ ಕೊಡುವ ಸಭೆಯಾಗಿ ಬದಲಾಗಬಹುದು. ಆದ್ದರಿಂದ ಒಪ್ಪಂದವನ್ನು ನಿಯತಕಾಲಿಕವಾಗಿ ಪರಿಶೀಲಿಸಿ, ಪಾತ್ರಗಳನ್ನು ಹೊಸದಾಗಿ ನಿರ್ಧರಿಸುವುದು ಅವಶ್ಯಕ.