ಕೀ ಕೊಟ್ಟರೆ ಇನ್ನೂ ಓಡುವ ಎಚ್‌ಎಂಟಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳಲ್ಲಿ ಬೀರು ತೆರೆದರೆ ಒಂದು ಎಚ್‌ಎಂಟಿ ವಾಚು ಸಿಗುವುದು ಅಪರೂಪವೇನಲ್ಲ. ಒಡವೆ ಡಬ್ಬಿಯ ಪಕ್ಕದಲ್ಲೋ, ಪಹಣಿ, ಬಾಂಡು ಇಟ್ಟ ಚೀಲದ ತಳದಲ್ಲೋ ಮಲಗಿರುತ್ತದೆ. ಮದುವೆಯಲ್ಲಿ ಮಾವ ಅಳಿಯನಿಗೆ ಕಟ್ಟಿದ್ದಿರಬಹುದು, ನಿವೃತ್ತಿಯ ದಿನ ಮೇಷ್ಟ್ರಿಗೆ ಹಾರದ ಜೊತೆ ಬಂದದ್ದಿರಬಹುದು. ಕೇಳಿದರೆ ಮನೆಯವರು ‘ಅದು ಕೆಟ್ಟು ಎಷ್ಟೋ ವರ್ಷ ಆಯ್ತು’ ಅನ್ನುತ್ತಾರೆ. ನಿಂತ ವಾಚೆಲ್ಲ ಕೆಟ್ಟ ವಾಚಲ್ಲ. ಎಷ್ಟೋ ಸಲ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ. ತೊಳೆದು, ಹೊಸ ಎಣ್ಣೆ ಹಾಕಿದರೆ ಐವತ್ತು ವರ್ಷದ ವಾಚೂ ಓಡುತ್ತದೆ. ಮನೆಗೆ ಬಂದ ಯಂತ್ರಗಳಲ್ಲಿ ಇಷ್ಟು ಕಾಲ ಬಾಳುವಂಥದ್ದು, ಇಷ್ಟು ಸಲೀಸಾಗಿ ಮತ್ತೆ ಜೀವಕ್ಕೆ ಬರುವಂಥದ್ದು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಈ ಜಿಲ್ಲೆಗೂ ಈ ವಾಚಿಗೂ ಇರುವುದು ಕೇವಲ ಗಿರಾಕಿಯ ನಂಟಲ್ಲ. ಹಿಂದೂಸ್ತಾನ್ ಮಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಲೇತು, ಮಿಲ್ಲಿಂಗ್ ಮಷೀನುಗಳನ್ನು ಮಾಡಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದು ಕೈಗಡಿಯಾರಕ್ಕೆ ಕೈಹಾಕಿತು. ಬೆಂಗಳೂರು, ಶ್ರೀನಗರಗಳ ನಂತರ ತುಮಕೂರಿನ ಸರದಿ ಬಂತು. 1978ರಲ್ಲಿ ಇಲ್ಲಿನ ವಾಚ್ ಫ್ಯಾಕ್ಟರಿ ಶುರುವಾಯಿತು. ಮಿಲಿಮೀಟರಿನ ನೂರನೇ ಭಾಗ ತಪ್ಪಿದರೂ ನಡೆಯದ ಕೆಲಸ ರಾಗಿ, ತೆಂಗು, ಅಡಿಕೆಯ ಸೀಮೆಗೆ ಬಂದು ನೆಲೆಸಿತು.

ಎಚ್‌ಎಂಟಿ ವಾಚುಗಳಲ್ಲಿ ಹೆಸರಾದದ್ದು ಜನತಾ. ಅದರ ಒಡಹುಟ್ಟು ಪೈಲಟ್, ಕಪ್ಪು ಡಯಲ್ಲಿನ ಮೇಲೆ ಬಿಳಿ ಅಂಕಿಗಳದು. ಎರಡರ ಹೊಟ್ಟೆಯಲ್ಲೂ ಇರುವುದು 0231 ಎಂಬ ಒಂದೇ ಮಷೀನು. ಬ್ಯಾಟರಿ ಇಲ್ಲ, ತಂತಿ ಇಲ್ಲ. ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕು. ಆ ಮಷೀನನ್ನು ಸ್ವಲ್ಪ ಬಿಚ್ಚಿ ನೋಡೋಣ.

ಕೀ ತಿರುಗಿಸಿದಾಗ ಒಳಗೆ ಒಂದು ಪುಟ್ಟ ಡಬ್ಬಿಯಲ್ಲಿ ಉದ್ದನೆಯ ಉಕ್ಕಿನ ಪಟ್ಟಿ ಸುತ್ತಿಕೊಳ್ಳುತ್ತದೆ. ಇದು ಮೇನ್‌ಸ್ಪ್ರಿಂಗ್. ನಿಮ್ಮ ಬೆರಳಿನ ಶಕ್ತಿ ಇಲ್ಲಿ ಕೂಡಿಟ್ಟಂತಾಯಿತು. ಪಟ್ಟಿ ಬಿಚ್ಚಿಕೊಳ್ಳಲು ಒತ್ತುತ್ತದೆ, ಆ ಒತ್ತಡಕ್ಕೆ ಡಬ್ಬಿ ತಿರುಗುತ್ತದೆ, ಡಬ್ಬಿಯ ಹಲ್ಲು ಮುಂದಿನ ಚಕ್ರವನ್ನು ತಿರುಗಿಸುತ್ತದೆ. ಒಂದು ಚಕ್ರ ಗಂಟೆಗೊಂದು ಸುತ್ತು ಬರುತ್ತದೆ. ನಿಮಿಷದ ಮುಳ್ಳಿಗೆ ಅದೇ ಆಧಾರ. ಇನ್ನೊಂದು ನಿಮಿಷಕ್ಕೊಂದು ಸುತ್ತು. ಸೆಕೆಂಡಿನ ಮುಳ್ಳಿಗೆ ಅದು. ಇಲ್ಲಿಯವರೆಗೆ ವಿಶೇಷವೇನಿಲ್ಲ. ತಡೆಯುವವರಿಲ್ಲದಿದ್ದರೆ ಸುತ್ತಿದ ಸ್ಪ್ರಿಂಗು ಕೆಲವೇ ಕ್ಷಣಗಳಲ್ಲಿ ಗಿರ್ರನೆ ಬಿಚ್ಚಿಕೊಂಡು, ಮುಳ್ಳುಗಳು ಒಂದೂವರೆ ದಿನದ ದಾರಿಯನ್ನು ಒಂದೇ ಏಟಿಗೆ ಓಡಿ ಮುಗಿಸುತ್ತವೆ. ಶಕ್ತಿಯನ್ನು ಕೂಡಿಡುವುದು ಸುಲಭ. ಅದನ್ನು ಸಮನಾಗಿ, ತುಣುಕು ತುಣುಕಾಗಿ ಬಿಡುವುದೇ ಕಷ್ಟ.

ಆ ಕೆಲಸ ಬ್ಯಾಲೆನ್ಸ್ ಚಕ್ರದ್ದು. ಹಿಂದಿನ ಮುಚ್ಚಳ ತೆಗೆದಾಗ ಅತ್ತಿತ್ತ ಓಲಾಡುತ್ತ ಕಾಣುವುದು ಇದೇ. ಅದರ ನಡುವೆ ಕೂದಲಿನಷ್ಟು ತೆಳುವಾದ ಸುರುಳಿ ಇದೆ, ಹೇರ್‌ಸ್ಪ್ರಿಂಗ್. ಚಕ್ರ ಒಂದು ಕಡೆ ತಿರುಗಿದರೆ ಸುರುಳಿ ಹಿಂದಕ್ಕೆಳೆಯುತ್ತದೆ, ಹಿಂದೆ ಬಂದರೆ ಮುಂದಕ್ಕೆಳೆಯುತ್ತದೆ. ಉಯ್ಯಾಲೆಯಲ್ಲಿ ಕೂತ ಮಗುವನ್ನು ನೆನೆಸಿಕೊಳ್ಳಿ: ಜೋರಾಗಿ ತೂಗಲಿ, ಮೆಲ್ಲಗೆ ತೂಗಲಿ, ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚುಕಮ್ಮಿ ಒಂದೇ. ಬ್ಯಾಲೆನ್ಸಿನ ಗುಣವೂ ಅದೇ. ಮೇನ್‌ಸ್ಪ್ರಿಂಗ್ ಬಿಗಿಯಾಗಿದ್ದಾಗ ಅದು ಹೆಚ್ಚು ದೂರ ತಿರುಗುತ್ತದೆ, ಸಡಿಲವಾದಾಗ ಕಡಿಮೆ ದೂರ. ಹೊತ್ತು ಮಾತ್ರ ಬದಲಾಗದು. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1675ರಲ್ಲಿ ಈ ಸುರುಳಿಯನ್ನು ಗಡಿಯಾರಕ್ಕೆ ತಂದ. ಜೇಬಿನಲ್ಲಿಟ್ಟು ಓಡಾಡುವ ಗಡಿಯಾರ ನಂಬಿಕೆಗೆ ಯೋಗ್ಯವಾದದ್ದು ಆಮೇಲೆ.

ಉಯ್ಯಾಲೆಗೆ ಆಗಾಗ ಒಂದು ತಳ್ಳು ಬೇಕಲ್ಲ? ಚಕ್ರಗಳ ಸಾಲಿನ ಕೊನೆಯದು ಎಸ್ಕೇಪ್ ಚಕ್ರ. ಓರೆಯಾದ ಹದಿನೈದು ಹಲ್ಲುಗಳದು. ಅದಕ್ಕೂ ಬ್ಯಾಲೆನ್ಸಿಗೂ ನಡುವೆ ಎರಡು ಕೊಂಬಿನ ಪ್ಯಾಲೆಟ್ ಕವೆ. ಕವೆಯ ಒಂದು ಕೊಂಬು ಹಲ್ಲನ್ನು ಅಡ್ಡಗಟ್ಟಿ ನಿಲ್ಲಿಸುತ್ತದೆ. ಬ್ಯಾಲೆನ್ಸ್ ತಿರುಗಿ ಬಂದು ಕವೆಯನ್ನು ಸರಿಸುತ್ತದೆ. ಹಲ್ಲು ಜಾರಿ ಪಾರಾಗುವಾಗ ಕವೆಯ ಮೂಲಕ ಬ್ಯಾಲೆನ್ಸಿಗೆ ಒಂದು ತಳ್ಳು ಕೊಡುತ್ತದೆ. ಅಷ್ಟರಲ್ಲಿ ಇನ್ನೊಂದು ಕೊಂಬು ಇನ್ನೊಂದು ಹಲ್ಲನ್ನು ಹಿಡಿದಿರುತ್ತದೆ. ಹಲ್ಲು ಕೊಂಬಿಗೆ ಬಡಿಯುವ ಸದ್ದೇ ನಮಗೆ ಕೇಳುವ ಟಿಕ್. 0231ರಲ್ಲಿ ಇದು ಸೆಕೆಂಡಿಗೆ ಐದು ಸಲ, ಗಂಟೆಗೆ 18,000 ಸಲ, ದಿನಕ್ಕೆ 4,32,000 ಸಲ. ಎಸ್ಕೇಪ್ ಚಕ್ರದ ಒಂದು ಹಲ್ಲಿಗೆ ಎರಡು ಟಿಕ್. ಹದಿನೈದು ಹಲ್ಲಿಗೆ ಮೂವತ್ತು. ಹಾಗಾಗಿ ಆ ಚಕ್ರ ಸರಿಯಾಗಿ ಆರು ಸೆಕೆಂಡಿಗೆ ಒಂದು ಸುತ್ತು ಬರುತ್ತದೆ. ದಿನಕ್ಕೆ 86,400 ಸೆಕೆಂಡುಗಳಲ್ಲಿ ಹತ್ತು ಸೆಕೆಂಡು ಹೆಚ್ಚುಕಮ್ಮಿಯಾದರೆ ನಾವು ‘ವಾಚು ಸ್ವಲ್ಪ ಮುಂದೆ’ ಎಂದು ಗೊಣಗುತ್ತೇವೆ. ಆ ತಪ್ಪು ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರ. ಬರೀ ಉಕ್ಕು, ಹಿತ್ತಾಳೆ, ಕಲ್ಲಿನಿಂದ ಇಷ್ಟು ನಿಖರತೆ ಸಾಧಿಸಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಕಲ್ಲು ಎಂದೆ. ಡಯಲ್ಲಿನ ಮೇಲೆ ‘17 ಜ್ಯೂಯೆಲ್ಸ್’ ಎಂದು ಬರೆದಿರುವುದನ್ನು ಕಂಡು, ಒಳಗೆ ಬೆಲೆಬಾಳುವ ಹರಳುಗಳಿವೆ ಎಂದು ನಂಬಿದವರು ನಮ್ಮಲ್ಲಿ ಬಹಳ. ಹರಳುಗಳೇನೋ ಇವೆ. ಅವು ಕೆಂಪು, ಅಂದರೆ ಮಾಣಿಕ್ಯವೇ. ಆದರೆ ಗಣಿಯಿಂದ ಬಂದವಲ್ಲ. ಅಲ್ಯೂಮಿನಿಯಂ ಆಕ್ಸೈಡಿಗೆ ಚೂರು ಕ್ರೋಮಿಯಂ ಬೆರೆಸಿ ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ಆಗಸ್ಟ್ ವರ್ನೂಯಿ 1902ರಲ್ಲಿ ಪ್ರಕಟಿಸಿದ. ಅಲ್ಲಿಂದ ವಾಚಿನ ಹರಳು ಅಗ್ಗವಾಯಿತು. ಮಾರಿದರೆ ಕಾಸು ಹುಟ್ಟದು, ಆದರೆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಚಕ್ರದ ಉಕ್ಕಿನ ಮೊನೆ ಹಿತ್ತಾಳೆಯ ತೂತಿನಲ್ಲಿ ತಿರುಗಿದರೆ ತೂತು ಸವೆದು ಹಿಗ್ಗುತ್ತದೆ. ನುಣುಪಾದ ಮಾಣಿಕ್ಯದಲ್ಲಿ ತಿರುಗಿದರೆ ಸವೆತ ನಗಣ್ಯ. ಹದಿನೇಳು ಹರಳಿನ ವಾಚಿನಲ್ಲಿ ಸಾಮಾನ್ಯವಾಗಿ ಬ್ಯಾಲೆನ್ಸಿಗೆ ಐದು, ಕವೆಗೆ ನಾಲ್ಕು, ಉಳಿದ ಎಂಟು ನಾಲ್ಕು ಚಕ್ರಗಳ ಎರಡೆರಡು ತುದಿಗೆ.

ಬ್ಯಾಲೆನ್ಸಿನ ಮೊನೆ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣದು. ಕುಣಿಗಲ್‌ನಿಂದ ತುಮಕೂರಿಗೆ ಮೋಟಾರ್ ಸೈಕಲ್ಲಿನಲ್ಲಿ ಬರುವವನ ಮಣಿಕಟ್ಟು ಹಂಪು, ಗುಂಡಿಗಳಲ್ಲಿ ಎಷ್ಟು ಕುಲುಕುತ್ತದೆ ಯೋಚಿಸಿ. ಮೊನೆ ಮುರಿಯದಿರುವುದು ಹೇಗೆ? ಡಯಲ್ಲಿನ ಮೇಲಿನ ‘ಪ್ಯಾರಾ ಶಾಕ್’ ಎಂಬ ಬರಹ ಅದಕ್ಕೆ ಉತ್ತರ. ಬ್ಯಾಲೆನ್ಸಿನ ಎರಡೂ ತುದಿಯ ಹರಳುಗಳನ್ನು ಗಟ್ಟಿಯಾಗಿ ಕೂರಿಸದೆ ಒಂದು ಪುಟ್ಟ ಸ್ಪ್ರಿಂಗಿನ ಹಿಡಿತದಲ್ಲಿ ಇಟ್ಟಿರುತ್ತಾರೆ. ಏಟು ಬಿದ್ದಾಗ ಹರಳೇ ಒಂದಿಷ್ಟು ಸರಿದು ಮತ್ತೆ ಜಾಗಕ್ಕೆ ಬರುತ್ತದೆ. ಮೊನೆಯ ಮೇಲಿನ ಭಾರವನ್ನು ದಪ್ಪನೆಯ ದಂಡು ಹೊರುತ್ತದೆ. ಬಿಸಿಲಿಗೂ ಮದ್ದುಂಟು. ಸಾಮಾನ್ಯ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯಾದರೆ ಮೆತ್ತಗಾಗಿ ವಾಚು ಹಿಂದೆ ಬೀಳುತ್ತದೆ. ಬಿಸಿಗೂ ಬಿಗಿ ಕಳೆದುಕೊಳ್ಳದ ನಿಕ್ಕಲ್-ಉಕ್ಕಿನ ಮಿಶ್ರಲೋಹವನ್ನು ಕಂಡುಹಿಡಿದವನು ಸ್ವಿಸ್ ವಿಜ್ಞಾನಿ ಷಾರ್ಲ್ ಎಡ್ವರ್ಡ್ ಗಿಯೋಮ್. ನಿಕ್ಕಲ್-ಉಕ್ಕಿನ ಮೇಲಿನ ಈ ಸಂಶೋಧನೆಗಳಿಗೆ ಅವನಿಗೆ 1920ರ ಭೌತವಿಜ್ಞಾನ ನೊಬೆಲ್ ಬಂತು.

ಇನ್ನು ನನಗೆ ಬಹಳ ಮುಖ್ಯವೆನಿಸುವ ಸಂಗತಿ. ಜನತಾ ವಾಚಿನ ಬ್ಯಾಲೆನ್ಸ್ ತೆಗೆದು ಪೈಲಟ್‌ಗೆ ಕೂರಿಸಬಹುದು. ಒಂದರ ಮೇನ್‌ಸ್ಪ್ರಿಂಗ್ ಇನ್ನೊಂದಕ್ಕೆ ಹೊಂದುತ್ತದೆ. ಒಬ್ಬೊಬ್ಬ ಕುಶಲಿ ಕೂತು ಉಜ್ಜಿ ಉಜ್ಜಿ ಹೊಂದಿಸಿದ ಗಡಿಯಾರದಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಪ್ರತಿ ಚಕ್ರವೂ ತನ್ನ ವಾಚಿಗೆ ಮಾತ್ರ ಸಲ್ಲುತ್ತದೆ. ಬಿಡಿಭಾಗಗಳು ಒಂದಕ್ಕೊಂದು ತಾಳೆಯಾಗಬೇಕಾದರೆ ಅವನ್ನು ಕತ್ತರಿಸುವ ಯಂತ್ರ ಅಷ್ಟು ನಿಖರವಾಗಿರಬೇಕು. ಯಂತ್ರ ಮಾಡುವ ಯಂತ್ರಗಳ ಕಂಪನಿಯೇ ವಾಚಿಗೂ ಇಳಿದದ್ದರ ಫಲ ಇದು. ಫ್ಯಾಕ್ಟರಿ ಬಾಗಿಲು ಹಾಕಿ ವರ್ಷಗಳೇ ಕಳೆದರೂ ಈ ವಾಚುಗಳು ಓಡುತ್ತಿದ್ದರೆ, ಅದಕ್ಕೆ ಕಾರಣ ಈ ಹೊಂದಾಣಿಕೆ ಮತ್ತು ಪೇಟೆ ಬೀದಿಗಳಲ್ಲಿ ಕಣ್ಣಿಗೆ ಐ ಗ್ಲಾಸ್ ಸಿಕ್ಕಿಸಿಕೊಂಡು ಕೂತ ರಿಪೇರಿಯವರು.

ಬಾಗಿಲು ಹಾಕಿದ ಕಥೆಯನ್ನು ಉದ್ದ ಮಾಡುವುದಿಲ್ಲ. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ವಿದ್ಯುತ್ ಹರಿಸಿದರೆ ಕ್ವಾರ್ಟ್ಜ್ ಹರಳು ಕಂಪಿಸುತ್ತದೆ. ಈಗಿನ ವಾಚುಗಳಲ್ಲಿ ಸೆಕೆಂಡಿಗೆ 32,768 ಸಲ. ಐದೇ ಸಲ ಬಡಿಯುವ ಬ್ಯಾಲೆನ್ಸು ಅದರ ನಿಖರತೆಯ ಹತ್ತಿರಕ್ಕೂ ಹೋಗಲಾರದು. ತುಮಕೂರಿನ ಫ್ಯಾಕ್ಟರಿಯ ಒಂದು ಭಾಗವನ್ನೇ 1985ರಲ್ಲಿ ಕ್ವಾರ್ಟ್ಜ್ ವಾಚಿಗೆ ಬದಲಿಸಿದರು. ಅಷ್ಟು ಹೊತ್ತಿಗೆ ಟೈಟಾನ್ ಕಂಪನಿಯೂ ಹುಟ್ಟಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಇಸ್ರೋ ಪಾಲಾಯಿತು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಸೂಕ್ಷ್ಮ ಕೆಲಸ ಜಿಲ್ಲೆ ಬಿಟ್ಟು ಹೋಗಿಲ್ಲ ಎಂಬುದು ಸಮಾಧಾನ. ಹಳೆಯ ವಾಚು, ಅದನ್ನು ಮಾಡಿದ ಯಂತ್ರಗಳನ್ನು ನೋಡಬೇಕೆನ್ನುವವರು ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಈಗ ಬೀರುವಿನ ವಾಚಿಗೆ ಬರೋಣ. ವರ್ಷಗಟ್ಟಲೆ ನಿಂತದ್ದಕ್ಕೆ ಕೀ ಕೊಟ್ಟು, ಕುಲುಕಿ, ಓಡಿಸಲು ನೋಡಬೇಡಿ. ಓಡಿದರೆ ಇನ್ನೂ ಅಪಾಯ. ಒಣಗಿದ ಎಣ್ಣೆ, ದೂಳು ಸೇರಿ ಅರೆಯುವ ಪುಡಿಯಾಗಿರುತ್ತದೆ. ಅದರಲ್ಲಿ ತಿರುಗಿದ ಮೊನೆ ಸವೆಯುತ್ತದೆ. ಮೊದಲು ಸರ್ವಿಸ್ ಆಗಲಿ, ಆಮೇಲೆ ಕೀ. ಸರ್ವಿಸ್ ಎಂದರೆ ಮುಚ್ಚಳ ತೆಗೆದು ಮೇಲಿಂದ ಒಂದು ಹನಿ ಬಿಡುವುದಲ್ಲ. ಪೂರ್ತಿ ಬಿಚ್ಚಿ, ಪ್ರತಿ ಚಕ್ರವನ್ನೂ ತೊಳೆದು, ಒಣಗಿಸಿ, ಮತ್ತೆ ಜೋಡಿಸಬೇಕು. ಎಣ್ಣೆಯನ್ನು ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ ಹಾಕುತ್ತಾರೆ. ಹರಳಿನ ತೂತಿನ ಸುತ್ತ ಕೊರೆದ ಬಟ್ಟಲಲ್ಲಿ ಅದು ತಾನಾಗಿ ನಿಲ್ಲುತ್ತದೆ, ಹೆಚ್ಚಾದರೆ ಹರಿದುಹೋಗುತ್ತದೆ. ಎಸ್ಕೇಪ್ ಚಕ್ರ ಬಿಟ್ಟರೆ ಬೇರೆ ಚಕ್ರಗಳ ಹಲ್ಲಿಗೆ ಎಣ್ಣೆ ಹಾಕುವುದೇ ಇಲ್ಲ. ಕವೆಯ ಮೊನೆಗಳನ್ನೂ ಒಣಗಿದಂತೆಯೇ ಬಿಡುತ್ತಾರೆ. ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿದರಂತೂ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಹುಚ್ಚಾಪಟ್ಟೆ ಮುಂದೆ ಓಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ. ಇಷ್ಟಾದ ಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಸರ್ವಿಸ್ ಮಾಡಿಸಿದರೆ ಸಾಕು.

ಚೆನ್ನಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಹೋಗತೊಡಗಿದರೆ ಎಣ್ಣೆಯನ್ನು ದೂರುವ ಮುನ್ನ ಅಯಸ್ಕಾಂತವನ್ನು ಶಂಕಿಸಿ. ಸ್ಪೀಕರ್, ಮೊಬೈಲ್ ಕವರಿನ ಅಯಸ್ಕಾಂತದ ಬಾಯಿ, ಇವುಗಳ ಪಕ್ಕ ರಾತ್ರಿಯಿಡೀ ಇಟ್ಟರೆ ಸುರುಳಿ ಅಯಸ್ಕಾಂತವಾಗಿ ಒಂದಕ್ಕೊಂದು ಕಚ್ಚಿಕೊಳ್ಳಬಹುದು. ಮಕ್ಕಳ ದಿಕ್ಸೂಚಿಯನ್ನು ಹತ್ತಿರ ತನ್ನಿ, ಮುಳ್ಳು ಹೊಯ್ದಾಡಿದರೆ ಗುಮಾನಿ ನಿಜ. ರಿಪೇರಿಯವರ ಹತ್ತಿರ ಆ ಕಾಂತಗುಣವನ್ನು ಇಳಿಸುವ ಸಾಧನ ಇರುತ್ತದೆ, ಕ್ಷಣದ ಕೆಲಸ. ದಿನಕ್ಕೆ ಅರ್ಧ ನಿಮಿಷದ ಏರುಪೇರಾದರೆ ಅದಕ್ಕೆ ಮನೆಯಲ್ಲೇ ಒಂದು ಉಪಾಯವುಂಟು. ಡಯಲ್ ಮೇಲಾಗಿ ಮಲಗಿಸಿದಾಗ ಬ್ಯಾಲೆನ್ಸ್ ಮೊನೆಯ ತುದಿಯ ಮೇಲೆ ನಿಂತು ತಿರುಗುತ್ತದೆ. ಅಂಚಿನ ಮೇಲೆ ನಿಲ್ಲಿಸಿದಾಗ ಮೊನೆಯ ಪಕ್ಕ ಉಜ್ಜುತ್ತದೆ. ಉಜ್ಜಾಟ ಬೇರೆ, ವೇಗವೂ ಚೂರು ಬೇರೆ. ರಾತ್ರಿ ಬೇರೆಬೇರೆ ಭಂಗಿಯಲ್ಲಿಟ್ಟು, ಯಾವುದರಲ್ಲಿ ಹಗಲಿನ ತಪ್ಪು ಸರಿಹೋಗುತ್ತದೋ ಅದನ್ನೇ ರೂಢಿ ಮಾಡಿಕೊಳ್ಳಿ. ಟಿಕ್ ಸದ್ದನ್ನು ಕೇಳಿ ವೇಗ ಅಳೆಯುವ ಆ್ಯಪ್‌ಗಳೂ ಮೊಬೈಲಿಗೆ ಬಂದಿವೆ. ಸದ್ದಿಲ್ಲದ ಕೋಣೆಯಲ್ಲಿ ವಾಚನ್ನು ಮೈಕಿಗೆ ಒತ್ತಿ ಇಟ್ಟರೆ ಸಾಕು.

ಬೀರುವಿನಲ್ಲಿರುವುದು ಕ್ವಾರ್ಟ್ಜ್ ಎಚ್‌ಎಂಟಿಯಾದರೆ ಮಾತು ಬೇರೆ. ಸತ್ತ ಸೆಲ್ಲನ್ನು ಇವತ್ತೇ ತೆಗೆಸಿ. ಅದು ಸೋರಿ ಸರ್ಕ್ಯೂಟನ್ನು ತಿಂದುಹಾಕಿದರೆ ರಿಪೇರಿಯವರೂ ಕೈಚೆಲ್ಲುತ್ತಾರೆ.

ಸಂಗ್ರಹಕ್ಕೆಂದು ಕೊಳ್ಳುವವರಿಗೂ ಒಂದು ಮಾತು. ಥಳಥಳ ಹೊಳೆಯುವ, ಕಂಡರಿಯದ ಬಣ್ಣದ ಡಯಲ್ಲಿನ ಎಚ್‌ಎಂಟಿ ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತದೆ. ಹಳೆಯ ಡಯಲ್ಲಿನ ಮೇಲೆ ಹೊಸ ಬಣ್ಣ ಬಳಿದು ಅಚ್ಚು ಹಾಕಿದವು ಅವುಗಳಲ್ಲಿ ಬಹಳ. ಅಕ್ಷರದ ಅಂಚು ಮಸುಕಾಗಿದೆಯೇ, ನಿಮಿಷದ ಗೆರೆಗಳ ನಡುವಿನ ಅಂತರ ಸಮವೇ ಎಂದು ಭೂತಗನ್ನಡಿ ಹಿಡಿದು ನೋಡಿ. ಹಳದಿಗಟ್ಟಿದ, ಚುಕ್ಕೆ ಬಿದ್ದ ಮೂಲ ಡಯಲ್ ಅದಕ್ಕಿಂತ ಎಷ್ಟೋ ಮೇಲು. ಅದನ್ನು ತಿಕ್ಕಿ ತೊಳೆಸಲು ಹೋಗಬೇಡಿ, ಅಂಕಿಗಳೇ ಎದ್ದು ಬರುತ್ತವೆ. ಗಾಜು ಒಡೆದು ಮುಳ್ಳು ಕಳೆದುಹೋದ ವಾಚನ್ನೂ ಗುಜರಿಗೆ ಹಾಕಬೇಡಿ. ಹೊಸ ಬ್ಯಾಲೆನ್ಸ್ ಈಗ ಯಾವ ಫ್ಯಾಕ್ಟರಿಯಿಂದಲೂ ಬರುವುದಿಲ್ಲ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ನಿಮ್ಮೂರ ರಿಪೇರಿಯವರ ಮೇಜಿನ ಮೇಲಿಟ್ಟು ಬನ್ನಿ. ಅದರ ಚಕ್ರ, ಹರಳು, ಸ್ಪ್ರಿಂಗು ಇನ್ನೂ ಮೂರು ವಾಚುಗಳಿಗೆ ಆಗುತ್ತವೆ.