ಹತ್ತನೆಯ ತರಗತಿಯ ಆಚೆಗಿನ ದಾರಿಗಳು

ಕೃಷ್ಣಾನದಿಗೆ ನಾರಾಯಣಪುರದ ಬಳಿ ಕಟ್ಟಿರುವ ಬಸವಸಾಗರದಿಂದ ಹೊರಡುವ ಎಡದಂಡೆಯ ಕಾಲುವೆಯನ್ನು ಸುರಪುರ, ಶಹಾಪುರಗಳ ಸೀಮೆಯ ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಮುಖ್ಯ ಕಾಲುವೆಯಿಂದ ಶಾಖಾ ಕಾಲುವೆ, ಶಾಖೆಯಿಂದ ವಿತರಣಾ ಕಾಲುವೆ, ಅದರಿಂದ ಹೊಲಗಾಲುವೆ—ಹೀಗೆ ನೀರು ಕವಲೊಡೆಯುತ್ತ ಸಾಗುತ್ತದೆ. ಕವಲು ಕವಲಿಗೂ ಒಂದೊಂದು ತೂಬು ಉಂಟು. ತೂಬನ್ನು ದಾಟಿ ಕೆಳಗಿಳಿದ ನೀರು ತಾನಾಗಿಯೇ ಮರಳಿ ಮೇಲಿನ ಕಾಲುವೆಗೆ ಏರಲಾರದು. ಏರಿಸಬೇಕಾದರೆ ಪಂಪನ್ನು ಹೂಡಿ, ಹೊರಗಿನಿಂದ ಶಕ್ತಿಯನ್ನು ವೆಚ್ಚಮಾಡಬೇಕು. ತಾನಾಗಿ ಹಿಂದಿರುಗದ ಇಂತಹ ಕ್ರಿಯೆಗಳನ್ನು ಭೌತವಿಜ್ಞಾನದಲ್ಲಿ ಅಪರಾವರ್ತ್ಯ ಕ್ರಿಯೆಗಳೆಂದು ಕರೆಯುತ್ತಾರೆ.

ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಮುಗಿಸಿದ ಹುಡುಗ ಹುಡುಗಿಯರು ನಿಲ್ಲುವುದೂ ಇಂತಹ ಒಂದು ಕವಲಿನ ಬಾಯಲ್ಲಿಯೇ. 'ಮುಂದೇನು?' ಎಂಬ ಪ್ರಶ್ನೆ ಆಗ ಮನೆಮನೆಯಲ್ಲಿಯೂ ಏಳುತ್ತದೆ. ಗೆಳೆಯನು ಸೇರಿದ ಕಾಲೇಜಿಗೆ ತಾನೂ ಸೇರುವುದು, ಅಂಕಗಳು ಹೆಚ್ಚು ಬಂದರೆ ವಿಜ್ಞಾನ, ಕಡಿಮೆಯಾದರೆ ಕಲೆ ಎಂದು ತೀರ್ಮಾನಿಸಿಬಿಡುವುದು ಸಾಮಾನ್ಯವಾಗಿ ನಡೆಯುವ ಸಂಗತಿ. ತೂಬಿನ ಆಚೆ ಏನಿದೆ ಎಂಬುದನ್ನು ನೋಡದೆ ನೀರು ಹರಿಯಬಹುದು. ಮನುಷ್ಯನು ಹಾಗೆ ಹರಿಯಬೇಕಾಗಿಲ್ಲ. ಈ ದಾರಿಗಳನ್ನು ಅಳೆದು ನೋಡುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಮಾಡೋಣ.

ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದದ್ದು ೨೦೦೯ರ ಡಿಸೆಂಬರ್ ೩೦ರಂದು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ ೭೫.೩೬ ಇದ್ದಾಗ ಈ ಜಿಲ್ಲೆಯದು ೫೧.೮೩ ಮಾತ್ರ, ಹೆಂಗಸರಲ್ಲಿ ೪೧.೩೮. ೨೦೨೪ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ಶೇಕಡಾ ೭೩.೪೦ ಮಂದಿ ತೇರ್ಗಡೆಯಾದರೆ, ಇಲ್ಲಿ ತೇರ್ಗಡೆಯಾದವರು ೫೦.೫೯. ಈ ಅಂಕಿಗಳು ವಿದ್ಯಾರ್ಥಿಗಳ ಬುದ್ಧಿಯನ್ನು ಅಳೆದವಲ್ಲ. ಅವು ತಿಳಿಸುವುದು ಬೇರೊಂದು ವಿಷಯವನ್ನು: ಇಲ್ಲಿನ ಎಷ್ಟೋ ಮನೆಗಳಲ್ಲಿ ಈ ಕವಲನ್ನು ಮುಟ್ಟಿದವರಲ್ಲಿ ಆ ಹುಡುಗನೋ ಹುಡುಗಿಯೋ ಮೊತ್ತಮೊದಲಿನವರು. ದಾರಿ ಕೇಳಲು ಮನೆಯಲ್ಲಿ ಆ ದಾರಿ ನಡೆದ ಹಿರಿಯರಿಲ್ಲ. ಆದುದರಿಂದ ದಾರಿಯ ನಕ್ಷೆಯನ್ನು ಅವರು ತಾವೇ ಬರೆದುಕೊಳ್ಳಬೇಕಾಗುತ್ತದೆ.

ಹತ್ತನೆಯ ತರಗತಿಯಿಂದ ಹೊರಡುವ ಮುಖ್ಯ ದಾರಿಗಳು ಮೂರು. ಎರಡು ವರ್ಷದ ಪಿ.ಯು.ಸಿ. ಒಂದು, ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇನ್ನೊಂದು, ಕಸುಬಿಗೆ ತಕ್ಕಂತೆ ಒಂದು ಅಥವಾ ಎರಡು ವರ್ಷದ ಐ.ಟಿ.ಐ. ತರಬೇತಿ ಮತ್ತೊಂದು. ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನಗಳೆಂಬ ಮೂರು ಕವಲುಗಳಿವೆ. ಯಾವ ದಾರಿಯನ್ನಾದರೂ ಆರಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯ ಪ್ರಶ್ನೆ: ಈ ದಾರಿಯನ್ನು ಹಿಡಿದರೆ ಯಾವ ಬಾಗಿಲುಗಳು ಮುಚ್ಚುತ್ತವೆ?

ವಿಜ್ಞಾನ ಓದಿದವನು ಮುಂದೆ ಬಿ.ಎ., ಬಿ.ಕಾಂ. ಅಥವಾ ಕಾನೂನಿನ ತರಗತಿಗಳಿಗೆ ಸೇರಬಹುದು. ಕಲಾವಿಭಾಗವನ್ನು ಓದಿದವನು ಅಲ್ಲಿಂದ ನೇರವಾಗಿ ಇಂಜಿನಿಯರಿಂಗಿಗಾಗಲಿ ವೈದ್ಯಕೀಯಕ್ಕಾಗಲಿ ಹೋಗಲಾರನು. ವಿಜ್ಞಾನದ ಒಳಗೂ ಇಂತಹ ತೂಬುಗಳಿವೆ. ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರದ ಬದಲು ಗಣಕವಿಜ್ಞಾನವನ್ನು ಆರಿಸಿದವನಿಗೆ ವೈದ್ಯಕೀಯ, ಕೃಷಿ, ಪಶುವೈದ್ಯಗಳು ದೂರವಾಗುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಈ ನಾಲ್ಕನ್ನೂ ಓದಿದವನಿಗೆ ಎರಡು ಕಡೆಯ ಬಾಗಿಲುಗಳೂ ತೆರೆದಿರುತ್ತವೆ; ಆದರೆ ಹೊರೆಯೂ ಅಷ್ಟೇ ಭಾರವಾಗಿರುತ್ತದೆ. 'ವಿಜ್ಞಾನವನ್ನೇ ತೆಗೆದುಕೊ' ಎಂದು ಹಿರಿಯರು ಹೇಳುವುದಕ್ಕೆ ಇದೇ ಕಾರಣ. ಆ ಮಾತು ಸುಳ್ಳಲ್ಲ, ಆದರೆ ಅರ್ಧಸತ್ಯ. ಉಳಿದರ್ಧವು ಎರಡನೆಯ ಪ್ರಶ್ನೆಯಲ್ಲಿದೆ.

ಎರಡನೆಯ ಪ್ರಶ್ನೆ: ದಾರಿ ನಡುವೆ ಕಡಿದುಹೋದರೆ, ನಿಂತ ಜಾಗದಲ್ಲಿ ಕಾಲೂರಲು ನೆಲವಿದೆಯೇ?

ಇದನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಒಬ್ಬ ವಿದ್ಯಾರ್ಥಿಗೆ ಇಂಜಿನಿಯರ್ ಆಗುವ ಬಯಕೆ ಇದೆಯೆಂದು ಭಾವಿಸೋಣ. ಪಿ.ಯು.ಸಿ.ಯ ದಾರಿಯಲ್ಲಿ ಎರಡು ವರ್ಷ, ಅನಂತರ ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಎಂಬ ಪ್ರವೇಶಪರೀಕ್ಷೆಯನ್ನು ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಮೂರಕ್ಕೆ ಮೂರು ಸೇರಿ ಇಲ್ಲಿಯೂ ಆರೇ ವರ್ಷ. ಎರಡು ವರ್ಷದ ಐ.ಟಿ.ಐ. ಕಸುಬನ್ನು ಕಲಿತವರಿಗೆ ನಿಯಮಗಳಿಗೊಳಪಟ್ಟು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಪ್ರವೇಶವುಂಟು. ಆ ದಾರಿಯಲ್ಲಿ ಎರಡು, ಎರಡು ಮತ್ತು ಮೂರು ಸೇರಿ ಏಳು ವರ್ಷ. ಬಹುಮಂದಿ ಕೀಳೆಂದು ಭಾವಿಸುವ ದಾರಿಗೂ ಮೇಲೆಂದು ಭಾವಿಸುವ ದಾರಿಗೂ ಇರುವ ಅಂತರ ಒಂದೇ ವರ್ಷ! ಪಿ.ಯು.ಸಿ.ಯಲ್ಲಿ ಒಮ್ಮೆ ಎಡವಿ ಒಂದು ವರ್ಷ ಕಳೆದುಕೊಂಡರೆ ಆ ಅಂತರವೂ ಉಳಿಯದು.

ಈಗ ಇದೇ ಮೂವರು ನಡುದಾರಿಯಲ್ಲಿ ನಿಲ್ಲಬೇಕಾಯಿತೆಂದು ಎಣಿಸಿರಿ. ಮಳೆ ಹೋಗಿ ಬೆಳೆ ಕೈಕೊಡುವುದು, ದುಡಿಮೆಗಾಗಿ ಮನೆಯವರೆಲ್ಲ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವುದು, ತಂದೆ ಕಾಯಿಲೆ ಬೀಳುವುದು—ನಮ್ಮ ಕಡೆಯ ಊರುಗಳಲ್ಲಿ ಇವು ಅಪರೂಪದ ಸಂಗತಿಗಳಲ್ಲ. ಆಗ ಐ.ಟಿ.ಐ. ಮುಗಿಸಿದವನ ಕೈಯಲ್ಲಿ ಎಲೆಕ್ಟ್ರಿಷಿಯನ್ನಿನದೋ ಫಿಟ್ಟರಿನದೋ ಕಸುಬಿರುತ್ತದೆ. ೧೯೬೧ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆ, ರೈಲ್ವೆಗಳಲ್ಲಿ ಭತ್ಯ ಪಡೆಯುತ್ತ ಕೆಲಸ ಕಲಿಯುವ ಅವಕಾಶವೂ ಇದೆ. ಡಿಪ್ಲೊಮಾ ಪಡೆದವನು ಕಿರಿಯ ಇಂಜಿನಿಯರ್ ಹುದ್ದೆಗಳಿಗೆ ಅರ್ಜಿ ಹಾಕಬಹುದು. ವಿಜ್ಞಾನದ ಪಿ.ಯು.ಸಿ.ಯಷ್ಟೇ ಮುಗಿಸಿದವನಿಗೆ ಆ ಹಂತದಲ್ಲಿ ಕೈಕಸುಬೊಂದೂ ಇಲ್ಲ. ಹೆಚ್ಚು ಬಾಗಿಲುಗಳುಳ್ಳ ದಾರಿಯಲ್ಲಿ ತಂಗುದಾಣಗಳು ಕಡಿಮೆ. ತಂಗುದಾಣಗಳುಳ್ಳ ದಾರಿಯಲ್ಲಿ ಬಾಗಿಲುಗಳು ಕಡಿಮೆ. ಯಾವುದು ತನಗೆ ಮುಖ್ಯವೆಂಬುದನ್ನು ಪ್ರತಿಯೊಬ್ಬನೂ ತನ್ನ ಮನೆಯ ಸ್ಥಿತಿಯನ್ನು ಕಂಡು ತೂಗಬೇಕು.

ಹಾಗೆಂದು ಎಲ್ಲರೂ ಐ.ಟಿ.ಐ.ಗೆ ಹೋಗಬೇಕೆಂಬುದು ಇದರ ತಾತ್ಪರ್ಯವಲ್ಲ. ಅಡ್ಡದಾರಿಯಿಂದ ಮೇಲೇರುವುದಕ್ಕೆ ಕಾಲುವೆಯ ಪಂಪಿನಂತೆ ಶಕ್ತಿ ಬೇಕು. ಐ.ಟಿ.ಐ.ಯಿಂದ ಬಂದವನು ಡಿಪ್ಲೊಮಾದಲ್ಲಿಯೂ, ಡಿಪ್ಲೊಮಾದಿಂದ ಬಂದವನು ಬಿ.ಇ.ಯಲ್ಲಿಯೂ ಗಣಿತಕ್ಕಾಗಿ ಹೆಚ್ಚು ಬೆವರು ಸುರಿಸಬೇಕಾಗುತ್ತದೆ. ಅಲ್ಲದೆ ವೈದ್ಯನಾಗಬಯಸುವವನಿಗೂ ಶುದ್ಧ ವಿಜ್ಞಾನದಲ್ಲಿ ಸಂಶೋಧನೆ ಮಾಡಬಯಸುವವನಿಗೂ ಪಿ.ಯು.ಸಿ. ವಿಜ್ಞಾನವೇ ನೇರವಾದ ಮಾರ್ಗ. ಆ ಮಾರ್ಗವೂ ಈಗ ಮೊದಲಿನಷ್ಟು ದೂರದ್ದಲ್ಲ. ಯಾದಗಿರಿಯಲ್ಲಿ ಸರಕಾರದ ವೈದ್ಯಕೀಯ ಕಾಲೇಜು ೨೦೨೨ರಲ್ಲಿ ಪ್ರಾರಂಭವಾಯಿತು. ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ಕಾಲೇಜಿದೆ. ಸುರಪುರದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಕೃಷಿ ಪದವಿಗೆ ರೈತರ ಮಕ್ಕಳಿಗೆಂದು ಪ್ರತ್ಯೇಕ ಸ್ಥಾನಗಳಿದ್ದು, ಅವುಗಳಿಗಾಗಿ ಪ್ರಾಯೋಗಿಕ ಪರೀಕ್ಷೆಯೊಂದು ನಡೆಯುತ್ತದೆ. ಬೀಜ, ಉಪಕರಣಗಳನ್ನು ಗುರುತಿಸುವ ಆ ಪರೀಕ್ಷೆಯಲ್ಲಿ, ತಂದೆಯೊಡನೆ ಹೊಲದಲ್ಲಿ ದುಡಿದ ಮಗಳ ಅನುಭವವೂ ವಿದ್ಯೆಯೇ ಆಗುತ್ತದೆ.

ಕಲೆ, ವಾಣಿಜ್ಯಗಳನ್ನು ಸೋತವರ ಪಾಲೆಂದು ಬಗೆಯುವುದೂ ತಪ್ಪು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದ ಪಿ.ಯು.ಸಿ.ಯಾದರೂ ಸಾಕು. ಆಡಳಿತ ಸೇವೆಯ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಲ್ಲುತ್ತದೆ. ಇತಿಹಾಸದಲ್ಲಿ ಒಲವುಳ್ಳವನು ಒಲ್ಲದ ಮನಸ್ಸಿನಿಂದ ರಸಾಯನಶಾಸ್ತ್ರವನ್ನು ಓದಿ ಎರಡು ವರ್ಷ ಕಳೆಯುವುದಕ್ಕಿಂತ, ಒಲಿದ ವಿಷಯದಲ್ಲಿ ಬೇರು ಬಿಡುವುದು ಲೇಸು.

ವಿಜ್ಞಾನವನ್ನು ಆರಿಸಿದ ಕನ್ನಡ ಶಾಲೆಯ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಭಾಷೆಯ ಅಡ್ಡಗೋಡೆ. ಪಿ.ಯು.ಸಿ. ವಿಜ್ಞಾನದ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಈ ಕಷ್ಟ ಈ ಸೀಮೆಗೆ ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರಗಳು ೧೯೫೬ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾಭಾಷೆ ಉರ್ದುವಾಗಿತ್ತು. ಮನೆಯಲ್ಲಿ ಕನ್ನಡವಾಡುತ್ತಿದ್ದ ಅಂದಿನ ಹುಡುಗರು ಅಲ್ಲಿಗೆ ಹೋದಾಗ ವಿಜ್ಞಾನವನ್ನು ಉರ್ದುವಿನಲ್ಲಿಯೇ ಕಲಿಯಬೇಕಾಗಿತ್ತು. ಹೊಸ ಭಾಷೆಯು ಹೊಸ ವಿಷಯವಲ್ಲ ಎಂಬುದನ್ನು ಮರೆಯಬಾರದು. ವೇಗವು ಹೊತ್ತುಹೊತ್ತಿಗೆ ಹೇಗೆ ಬದಲಾಗುತ್ತದೆ ಎಂಬುದು ಕನ್ನಡದಲ್ಲಿ ಮನಸ್ಸಿಗೆ ಹೊಕ್ಕಿದ್ದರೆ, ವೇಗೋತ್ಕರ್ಷಕ್ಕೆ ಆಕ್ಸಲರೇಷನ್ ಎಂಬ ಇನ್ನೊಂದು ಹೆಸರನ್ನು ಕಲಿಯುವುದಷ್ಟೇ ಉಳಿದ ಕೆಲಸ. ಪರೀಕ್ಷೆ ಮುಗಿದ ಬೇಸಗೆಯಲ್ಲಿ ದಿನಕ್ಕೆ ಹತ್ತು ಪಾರಿಭಾಷಿಕ ಪದಗಳಂತೆ ಎರಡು ಭಾಷೆಗಳಲ್ಲಿಯೂ ಬರೆದಿಟ್ಟರೆ, ಕಾಲೇಜಿನ ಬಾಗಿಲು ತೆರೆಯುವ ಹೊತ್ತಿಗೆ ಗೋಡೆ ಅರ್ಧಕ್ಕಿಳಿದಿರುತ್ತದೆ. ವೈದ್ಯಕೀಯದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದು ತಿಳಿದಿರಲಿ.

ಈ ಸೀಮೆಯವರಿಗೆ ದೊರೆತಿರುವ ಒಂದು ಹಕ್ಕನ್ನು ಹೇಳಲೇಬೇಕು. ಸಂವಿಧಾನದ ತೊಂಬತ್ತೆಂಟನೆಯ ತಿದ್ದುಪಡಿಯಿಂದ ೩೭೧(ಜೆ) ಎಂಬ ಅನುಚ್ಛೇದವು ಸೇರಿತು. ಅದಕ್ಕನುಸಾರವಾಗಿ ೨೦೧೩ರಲ್ಲಿ ಹೊರಟ ಆದೇಶದ ಪ್ರಕಾರ, ಇಂದು ಕಲ್ಯಾಣ ಕರ್ನಾಟಕವೆನಿಸಿಕೊಂಡಿರುವ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ ೭೦ ಸ್ಥಾನಗಳೂ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ ೮ ಸ್ಥಾನಗಳೂ ಸ್ಥಳೀಯರಿಗೆ ಮೀಸಲಾಗಿವೆ. ಆದರೆ ಹಕ್ಕು ಕಾಗದದ ಮೂಲಕವೇ ಕೈಗೆ ಬರತಕ್ಕದ್ದು. ಉಪವಿಭಾಗದ ಸಹಾಯಕ ಆಯುಕ್ತರಿಂದ ಅರ್ಹತಾಪತ್ರವನ್ನೂ, ನಾಡಕಚೇರಿಯ ಮೂಲಕ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನೂ ಮೊದಲೇ ಪಡೆದಿಟ್ಟುಕೊಳ್ಳಬೇಕು. ವಿದ್ಯಾರ್ಥಿವೇತನಕ್ಕೂ ಸರಕಾರದ ವಿದ್ಯಾರ್ಥಿನಿಲಯಕ್ಕೂ ಇವುಗಳಲ್ಲಿ ಕೆಲವು ಬೇಕಾಗುತ್ತವೆ. ಪ್ರವೇಶದ ಕೊನೆಯ ವಾರದಲ್ಲಿ ಕಚೇರಿಯ ಮುಂದೆ ಸಾಲುನಿಂತವನಿಗೆ ಅಂಕಗಳಿದ್ದೂ ಸ್ಥಾನ ತಪ್ಪಿದರೆ, ಆ ನಷ್ಟಕ್ಕೆ ಪರಿಹಾರವಿಲ್ಲ.

ಕೊನೆಯದಾಗಿ, ಯಾವುದು ಅಪರಾವರ್ತ್ಯ, ಯಾವುದು ಅಲ್ಲ ಎಂಬುದರ ವಿವೇಕ ಬೇಕು. ಪರೀಕ್ಷೆಯಲ್ಲಿ ನಪಾಸಾಗುವುದು ಅಪರಾವರ್ತ್ಯವಲ್ಲ. ೨೦೨೪ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿವೆ. ಗಣಿತವೊಂದರಲ್ಲಿ ಬಿದ್ದವನು ಅದನ್ನೊಂದನ್ನೇ ಬರೆದು ಅದೇ ವರ್ಷ ಮುಂದಕ್ಕೆ ಹೋಗಬಹುದು. ಆದರೆ ನಾಚಿಕೆಯಿಂದ ಪುಸ್ತಕವನ್ನು ಮುಚ್ಚಿಟ್ಟು ಗುಳೆಯ ಬಸ್ಸು ಹತ್ತಿದವನು ಮರಳಿ ಶಾಲೆಯ ಮೆಟ್ಟಿಲು ತುಳಿಯುವುದು ಬಲು ಕಷ್ಟ. ಹದಿನಾರು ವರ್ಷದ ಹುಡುಗಿಯನ್ನು 'ನಪಾಸಾದಳಲ್ಲ' ಎಂದು ಮದುವೆ ಮಾಡಿಬಿಟ್ಟರೆ, ಅವಳ ಮುಂದಿನ ಎಲ್ಲ ತೂಬುಗಳನ್ನೂ ಒಮ್ಮೆಲೇ ಮುಚ್ಚಿದಂತೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೂ ವಿರುದ್ಧವಾದುದು. ೨೦೨೩ರ ಜೂನಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ವೆಚ್ಚವಿಲ್ಲ. 'ಕಾಲೇಜು ದೂರ, ದಿನವೂ ಬಸ್ಸಿಗೆ ಕೊಡಲು ದುಡ್ಡಿಲ್ಲ' ಎಂಬ ಹಳೆಯ ಮಾತು ಈಗ ನಿಲ್ಲಲಾರದು.

ಫಲಿತಾಂಶ ಬರುವ ಮೊದಲೇ ಒಂದು ಸಂಜೆ ತಂದೆ ತಾಯಿಯರೊಡನೆ ಕುಳಿತು, ಒಂದು ಹಾಳೆಯ ಮೇಲೆ ಈ ದಾರಿಗಳನ್ನೆಲ್ಲ ಬರೆಯಿರಿ. ಒಂದೊಂದರ ಮುಂದೆಯೂ ನಾಲ್ಕು ಸಂಗತಿಗಳನ್ನು ಗುರುತಿಸಿರಿ: ಎಷ್ಟು ವರ್ಷ, ಎಷ್ಟು ವೆಚ್ಚ, ಯಾವ ಬಾಗಿಲು ಮುಚ್ಚುತ್ತದೆ, ಎಲ್ಲಿ ನಿಲ್ಲಬಹುದು. ಓದು ಬರಹ ಬಾರದ ತಾಯಿಗೂ ಈ ನಾಲ್ಕು ಪ್ರಶ್ನೆಗಳು ಅರ್ಥವಾಗುತ್ತವೆ. ಕೆಲವಕ್ಕೆ ಮಗನಿಗಿಂತ ಅವಳೇ ಸರಿಯಾದ ಉತ್ತರವನ್ನು ಬಲ್ಲಳು. ಆ ಹಾಳೆಯನ್ನು ಗೋಡೆಗೆ ಅಂಟಿಸಿಟ್ಟು, ಅಂಕಪಟ್ಟಿ ಕೈಗೆ ಬಂದ ದಿನ ಇನ್ನೊಮ್ಮೆ ನೋಡಿರಿ. ಅಂದಿನ ತೀರ್ಮಾನವು ನೆರೆಹೊರೆಯವರ ಮಾತಿನಿಂದಲ್ಲ, ನಿಮ್ಮದೇ ಲೆಕ್ಕದಿಂದ ಬಂದುದಾಗಿರುತ್ತದೆ.