ಟನ್ನಿಗೆ ಕೆಲವೇ ಗ್ರಾಮು

ಗಣಿಯೂರಾದ ಹಟ್ಟಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅಳತೆಯು ಶಾಲೆಯ ಮೆಟ್ಟಿಲನ್ನು ಹತ್ತುವ ಮೊದಲೇ ಪರಿಚಿತವಾಗಿರುತ್ತದೆ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಯಿಸುತ್ತ, ಸುಮಾರು 2000 ವರ್ಷಗಳ ಹಿಂದೆಯೇ ಈ ನೆಲದೊಳಕ್ಕೆ ನೂರಾರು ಅಡಿ ಇಳಿದಿದ್ದ ಪ್ರಾಚೀನರ ಕಾಲದಿಂದ ಮೊದಲುಗೊಂಡು, ಇಂದು ಮಲ್ಲಪ್ಪ ಶಾಫ್ಟಿನಲ್ಲಿ ಇಳಿಯುವ ಕಾರ್ಮಿಕರ ಕಾಲದವರೆಗೆ, ಲಿಂಗಸುಗೂರು ತಾಲ್ಲೂಕಿನ ಈ ಭೂಗರ್ಭದಿಂದ ಮೇಲಕ್ಕೆ ಬಂದುದೆಲ್ಲ ಬಹುಮಟ್ಟಿಗೆ ಕಲ್ಲೇ; ಆ ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕದಡಿ, ರಾಸಾಯನಿಕ ದ್ರಾವಣದಲ್ಲಿ ತೊಳೆದಾಗ ಒಂದು ಟನ್ನು ಅದಿರಿನಿಂದ ಕೈಗೆ ಹತ್ತುವ ಚಿನ್ನವು ಕೆಲವೇ ಗ್ರಾಮು. ಸ್ಟ್ರಾಬೆರಿ ಹಣ್ಣಿನ ಮಿಲ್ಕ್ ಶೇಕನ್ನು ಕುರಿತು ಬರೆಯಹೊರಟವನು ಚಿನ್ನದ ಅಳತೆಯಿಂದ ತೊಡಗಿದುದಕ್ಕೆ ಕಾರಣವಿದೆ.

ಚೆನ್ನಾಗಿ ಪಕ್ವವಾದ ಸ್ಟ್ರಾಬೆರಿಯ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಗಿಲಾದುದು ನೀರು. ಉಳಿದ ಅಲ್ಪಭಾಗದಲ್ಲಿ ಸಕ್ಕರೆ, ಹುಳಿ, ನಾರು, ಪೆಕ್ಟಿನ್ ಇತ್ಯಾದಿಗಳು ಸೇರಿವೆ. ಕಣ್ಣುಮುಚ್ಚಿ ಮೂಸಿದರೂ ಇದು ಸ್ಟ್ರಾಬೆರಿಯೇ ಎಂದು ನಾವು ಗುರುತಿಸುವ ಆ ಪರಿಮಳವಾದರೋ, ನೂರಾರು ಬಾಷ್ಪಶೀಲ ವಸ್ತುಗಳ ಸಮ್ಮೇಳನವಾಗಿದ್ದು, ಅವುಗಳಲ್ಲಿ ಪ್ರಧಾನವಾದ, ಕಾಯಿಸಿದ ಸಕ್ಕರೆಯ ಪಾಕವನ್ನು ನೆನಪಿಗೆ ತರುವ ಫ್ಯುರಾನಿಯಾಲ್ ಎಂಬ ವಸ್ತುವು ಒಂದು ಕಿಲೋಗ್ರಾಮು ಹಣ್ಣಿನಲ್ಲಿ ಇರುವುದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಮು. ಕಿಲೋಗ್ರಾಮಿಗೆ ಒಂದು ಮಿಲಿಗ್ರಾಮು ಎಂದರೆ ಟನ್ನಿಗೆ ಒಂದು ಗ್ರಾಮು. ಹಟ್ಟಿಯ ಅದಿರಿನ ಲೆಕ್ಕವೂ ಅದೇ ಜಾತಿಯದು. ಆದುದರಿಂದ ಮಿಕ್ಸಿಯ ಜಾರಿಗೆ ಹಣ್ಣನ್ನು ಹಾಕುವ ಗೃಹಿಣಿಯು ಮಾಡುತ್ತಿರುವುದು, ತತ್ತ್ವತಃ, ಊರಿನ ಆಚೆ ತುದಿಯಲ್ಲಿ ಅದಿರನ್ನು ಅರೆಯುತ್ತ ಹಗಲಿರುಳು ತಿರುಗುವ ಬಾಲ್ ಮಿಲ್ಲಿನ ಕಾರ್ಯವನ್ನೇ.

ಈ ಹಣ್ಣು ನಮ್ಮ ಸೀಮೆಯದಲ್ಲ. ತಂಪಾದ ಇರುಳನ್ನು ಬಯಸುವ ಈ ಗಿಡಕ್ಕೆ ರಾಯಚೂರು ಜಿಲ್ಲೆಯ ಬಿಸಿಲು ಹಿಡಿಸದು. ಚಳಿಗಾಲದಲ್ಲಿ ಹಣ್ಣು ಇಲ್ಲಿಗೆ ಬರುವುದು ಹೆಚ್ಚಾಗಿ ಮಹಾರಾಷ್ಟ್ರದ ಮಹಾಬಳೇಶ್ವರದ ಕಡೆಯಿಂದ; ಆ ಮಹಾಬಳೇಶ್ವರವೇ ಕೃಷ್ಣೆಯ ಉಗಮಸ್ಥಾನವೂ ಆಗಿದ್ದು, ಅಲ್ಲಿಂದ ಹೊರಟ ನದಿಯು ನಮ್ಮ ತಾಲ್ಲೂಕಿನ ಜಲದುರ್ಗವನ್ನು ಬಳಸಿಕೊಂಡು ಹರಿಯುವುದನ್ನು ನೆನೆದಾಗ, ಹಣ್ಣಿಗೂ ಹೊಳೆಗೂ ತವರು ಒಂದೇ ಆದುದು ನನಗೆ ಬಹು ಸಂತೋಷವನ್ನು ಕೊಡುತ್ತದೆ. ಗಿಡದ ಮೂಲವಂತೂ ಇನ್ನೂ ದೂರ: ಫ್ರಾನ್ಸಿನ ಫ್ರೆಜಿಯೆ ಎಂಬಾತನು ಚಿಲಿ ದೇಶದಿಂದ 1714ರಲ್ಲಿ ತಂದ ದೊಡ್ಡ ಹಣ್ಣಿನ ಗಿಡವೂ, ಉತ್ತರ ಅಮೆರಿಕದಿಂದ ಬಂದಿದ್ದ ಸುವಾಸನೆಯ ಗಿಡವೂ ಯೂರೋಪಿನ ತೋಟಗಳಲ್ಲಿ ಅಕ್ಕಪಕ್ಕದಲ್ಲಿ ಬೆಳೆದು ಬೆರೆತುದರ ಫಲವೇ ಇಂದಿನ ಸ್ಟ್ರಾಬೆರಿ.

ಕೊಳ್ಳುವಾಗಲೇ ಗಮನಿಸಬೇಕಾದ ಸಂಗತಿಯೊಂದಿದೆ. ಮಾವು ಬಾಳೆಗಳಂತೆ ಸ್ಟ್ರಾಬೆರಿಯನ್ನು ಮನೆಯಲ್ಲಿ ಹಣ್ಣಿಗೆ ಹಾಕಲು ಬರುವುದಿಲ್ಲ. ಗಿಡದಿಂದ ಕಿತ್ತ ಮೇಲೆ ಅದರ ಸಿಹಿಯಾಗಲಿ ಕಂಪಾಗಲಿ ಗಿಡದಲ್ಲಿ ಮಾಗಿದಂತೆ ವೃದ್ಧಿಸುವುದಿಲ್ಲವಾದ ಕಾರಣ, ತೊಟ್ಟಿನ ಬುಡದವರೆಗೂ ಕೆಂಪೇರಿದ ಹಣ್ಣನ್ನೇ ಆರಿಸಬೇಕು. ತೊಟ್ಟನ್ನು ತೆಗೆಯುವ ಮೊದಲೇ ತೊಳೆಯಬೇಕು. ತೆಗೆದ ಮೇಲೆ ತೊಳೆದರೆ ಆ ಗಾಯದ ಮೂಲಕ ನೀರು ಒಳಸೇರಿ ರುಚಿ ತೆಳುವಾಗುತ್ತದೆ. ಎರಡು ಲೋಟಕ್ಕೆ 150 ಗ್ರಾಮು ಹಣ್ಣು ಸಾಕು. ಅದನ್ನು ಹೆಚ್ಚಿ, ಎರಡು ಚಮಚೆ ಸಕ್ಕರೆಯನ್ನು ಉದುರಿಸಿ, ಕಾಲು ಗಂಟೆ ಸುಮ್ಮನೆ ಬಿಟ್ಟರೆ, ಹನಿ ನೀರನ್ನು ಬೆರೆಸದಿದ್ದರೂ ತಟ್ಟೆಯಲ್ಲಿ ಕೆಂಪು ರಸವು ಮಡುಗಟ್ಟುವುದನ್ನು ಕಾಣಬಹುದು. ಹೊರಗಿನ ಸಕ್ಕರೆಯ ಸಾಂದ್ರತೆಯು ಜೀವಕೋಶಗಳ ಒಳಗಿನದಕ್ಕಿಂತ ಅಧಿಕವಾಗಿರುವುದರಿಂದ, ಒಳಗಿನ ನೀರು ಕೋಶಪೊರೆಯನ್ನು ದಾಟಿ ಹೊರಕ್ಕೆ ಬರುತ್ತದೆ. ಉಪ್ಪು ಹಚ್ಚಿದ ಮಾವಿನ ಹೋಳುಗಳು ಉಪ್ಪಿನಕಾಯಿಯ ಭರಣಿಯಲ್ಲಿ ನೀರು ಬಿಡುವುದೂ ಇದೇ ಅಭಿಸರಣದಿಂದ.

ಇನ್ನು ಹಾಲು. ನಮ್ಮ ನೆರೆಮನೆಯ ಸೊಸೆಯೊಬ್ಬಳು ಕಳೆದ ಚಳಿಗಾಲದಲ್ಲಿ, ಆಗತಾನೆ ಕಾಯಿಸಿ ಇಳಿಸಿದ ಎಮ್ಮೆಯ ಹಾಲು ಇನ್ನೂ ಉಗುರುಬೆಚ್ಚಗಿರುವಾಗಲೇ ಅದಕ್ಕೆ ಹಣ್ಣಿನ ರಸವನ್ನು ಸುರಿದು ತಿರುಗಿಸಿ, ಲೋಟದ ತುಂಬ ತುಂಡುತುಂಡಾದ ಗಸಿಯನ್ನು ಕಂಡು, “ಇಷ್ಟು ಚಲೋ ಹಾಲು, ಯಾಕ ಒಡದ್ವು ಕಾಕಾ?” ಎಂದು ಕಳವಳದಿಂದ ಕೇಳಿದಳು. ಆ ಪ್ರಶ್ನೆಯು ಸಣ್ಣದಲ್ಲ. ಹಾಲಿನ ಬಿಳುಪಿಗೆ ಬಹುಮಟ್ಟಿಗೆ ಕಾರಣವಾದ ಕೇಸೀನ್ ಎಂಬ ಪ್ರೋಟೀನು ಕಣ್ಣಿಗೆ ಕಾಣದ ಉಂಡೆಗಳಾಗಿ ತೇಲುತ್ತಿರುತ್ತದೆ. ಆ ಉಂಡೆಗಳ ಮೇಲ್ಮೈಯಲ್ಲಿರುವ ಋಣವಿದ್ಯುತ್ತು ಅವುಗಳನ್ನು ಒಂದನ್ನೊಂದು ದೂರ ತಳ್ಳುತ್ತಿರುವವರೆಗೆ ಹಾಲು ಹಾಲಾಗಿಯೇ ಇರುತ್ತದೆ. ಹಾಲಿನ ಪಿಎಚ್ ಅಂಕವು ಸುಮಾರು 6.7, ಸ್ಟ್ರಾಬೆರಿಯದು ಸುಮಾರು 3.5. ಈ ಮೂರು ಅಂಕಗಳ ಅಂತರವೆಂದರೆ ಆಮ್ಲತೆಯಲ್ಲಿ ಸಾವಿರಪಟ್ಟಿಗೂ ಹೆಚ್ಚಿನ ಅಂತರ. ಹುಳಿ ಸೇರಿದಂತೆಲ್ಲ ಉಂಡೆಗಳ ವಿದ್ಯುತ್ತು ಕುಗ್ಗುತ್ತ ಬಂದು, ಅಂಕವು 4.6ನ್ನು ಮುಟ್ಟುವ ಹೊತ್ತಿಗೆ ಪರಸ್ಪರ ವಿಕರ್ಷಣವು ಇಲ್ಲವಾಗಿ, ಅವು ಒಂದಕ್ಕೊಂದು ಅಂಟಿಕೊಂಡು ಗಡ್ಡೆಕಟ್ಟುತ್ತವೆ. ಹೆಪ್ಪುಹಾಕಿದ ಹಾಲು ಮೊಸರಾಗುವುದೂ ಹೀಗೆಯೇ, ನಿಧಾನವಾಗಿ. ಹಾಲು ಬೆಚ್ಚಗಿದ್ದಷ್ಟೂ ಈ ಅಂಟು ಬೇಗನೆ, ಇನ್ನೂ ಕಡಿಮೆ ಹುಳಿಯಲ್ಲಿಯೇ ಸಂಭವಿಸುತ್ತದೆ. ತಣ್ಣಗಿದ್ದರೆ ಉಂಡೆಗಳನ್ನು ಬೆಸೆಯುವ ಆಕರ್ಷಣವೇ ದುರ್ಬಲವಾಗುತ್ತದೆ. ಕಾಯಿಸಿದ ಹಾಲನ್ನು ಸಂಪೂರ್ಣ ಆರಿಸಿ, ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಇರಿಸಿ, ಒಂದು ಪಾಲು ಹಣ್ಣಿಗೆ ಎರಡು ಪಾಲು ಹಾಲಿನಂತೆ, ಎಂದರೆ ನಮ್ಮ ಲೆಕ್ಕಕ್ಕೆ 300 ಮಿಲಿಲೀಟರಿನಷ್ಟು, ಬೆರೆಸಿದರೆ ಒಡೆಯುವ ಭಯವು ಬಹಳವಾಗಿ ತಗ್ಗುತ್ತದೆ. ಆಕೆಯ ಹಾಲಿನಲ್ಲಿ ದೋಷವಿರಲಿಲ್ಲ, ತಾಳ್ಮೆಯೊಂದು ಸಾಲದಾಗಿತ್ತು.

ಎಮ್ಮೆಯ ಹಾಲಿನ ಪರವಾಗಿ ನಾನು ಒಂದು ಮಾತನ್ನು ಹೇಳಲೇಬೇಕು. ಆಕಳ ಹಾಲಿಗಿಂತ ಅದರಲ್ಲಿ ಕೊಬ್ಬೂ ಕೇಸೀನೂ ಅಧಿಕ. ಸ್ಟ್ರಾಬೆರಿಯ ಪರಿಮಳದ ಅನೇಕ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚಾಗಿ ಕರಗುವುದರಿಂದ, ಕೆನೆಯು ಅವುಗಳನ್ನು ಒಮ್ಮೆಲೆ ಹಾರಿಹೋಗಗೊಡದೆ ಹಿಡಿದಿರಿಸಿಕೊಂಡು, ಗುಟುಕಿನ ಅನಂತರವೂ ಬಾಯಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ.

ಹಣ್ಣು ಅಷ್ಟು ಕೆಂಪಾಗಿದ್ದರೂ ಪಾನೀಯವು ಏಕೆ ಇಷ್ಟು ಮಂಕಾದ ಗುಲಾಬಿ ಎಂಬುದು ಹಲವರ ಸಂದೇಹ. ಹಾಲಿನ ಬಿಳುಪು ಬೆರೆತುದೊಂದೇ ಕಾರಣವಲ್ಲ. ಈ ಕೆಂಪು ಆಂಥೋಸಯನಿನ್ ವರ್ಗದ ಪೆಲಾರ್ಗೊನಿಡಿನ್ ಎಂಬ ವರ್ಣದ್ರವ್ಯದಿಂದ ಬಂದುದು. ಹುಳಿಯ ಆಶ್ರಯದಲ್ಲಿ ಉಜ್ಜ್ವಲವಾಗಿರುವ ಅದರ ಅಣುಗಳು, ಹಾಲು ಸೇರಿ ಹುಳಿ ತಗ್ಗುತ್ತಲೇ, ನೀರಿನೊಡನೆ ಸಂಯೋಗಗೊಂಡು ಬಹುಪಾಲು ವರ್ಣಹೀನ ರೂಪವನ್ನು ತಾಳುತ್ತವೆ. ಅಂಗಡಿಯ ಗಾಢ ಗುಲಾಬಿ ಹಾಲನ್ನು ಕಂಡು ಮಕ್ಕಳು ಮನೆಯದನ್ನು ಹೀಗಳೆದರೆ ತಾಯಂದಿರು ನೊಂದುಕೊಳ್ಳಬೇಕಿಲ್ಲ. ಗಾಢವರ್ಣವು ಬೆರೆಸಿದ ಬಣ್ಣದ್ದು, ಅದರ ವಾಸನೆಯು ಅನೇಕ ವೇಳೆ ಸ್ಟ್ರಾಬೆರಿ ಆಲ್ಡಿಹೈಡ್ ಎಂದು ಕರೆಯಲ್ಪಡುವ ಕೃತಕ ವಸ್ತುವಿನದು. ಹೆಸರು ಹಾಗಿದ್ದರೂ ಅದು ಆಲ್ಡಿಹೈಡೂ ಅಲ್ಲ, ಹಣ್ಣಿನಲ್ಲಿ ಇರುವುದೂ ಅಲ್ಲ.

ಅರೆಯುವ ಕ್ರಮದಲ್ಲಿ ಮಾತ್ರ ಗಣಿಯ ಪಾಠವನ್ನು ತಿರುವಿಹಾಕಬೇಕಾಗುತ್ತದೆ. ಅದಿರನ್ನು ನುಣ್ಣಗೆ ಅರೆದಷ್ಟೂ ಚಿನ್ನದ ಕಣಗಳು ಕಲ್ಲಿನ ಸೆರೆಯಿಂದ ಬಿಡುಗಡೆ ಹೊಂದುತ್ತವೆ. ಆದರೆ ಸ್ಟ್ರಾಬೆರಿಯ ಹೊರಮೈಯಲ್ಲಿ ನಾಟಿಕೊಂಡಿರುವ, ನಾವು ಬೀಜಗಳೆಂದು ಕರೆಯುವ ಕಾಳುಗಳು ಪುಡಿಯಾದರೆ ಒಗರು ರಸಕ್ಕೆ ಇಳಿಯುತ್ತದೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಆ ಒಂದೊಂದು ಕಾಳೂ ಒಂದೊಂದು ಪೂರ್ಣ ಫಲ. ನಾವು ತಿನ್ನುವ ಕೆಂಪು ತಿರುಳು ಹೂವಿನ ಪೀಠವು ಉಬ್ಬಿದುದು. ಆದುದರಿಂದ ಹಣ್ಣನ್ನು ಅದರ ರಸದೊಡನೆ ಅರ್ಧ ನಿಮಿಷ ಮಾತ್ರ ಅರೆದು, ಅನಂತರ ತಣ್ಣನೆಯ ಹಾಲನ್ನು ಸುರಿದು, ಜಾರಿನಲ್ಲಿ ಮೂರರಲ್ಲೊಂದು ಭಾಗ ಬರಿದಾಗಿರುವಂತೆ ನೋಡಿಕೊಂಡು, ಮತ್ತೆ ಅಷ್ಟೇ ಹೊತ್ತು ತಿರುಗಿಸಬೇಕು. ಆ ಬರಿದಾದ ಜಾಗದ ಗಾಳಿಯೇ ಹಾಲಿನ ಪ್ರೋಟೀನುಗಳ ತೆಳುಪೊರೆಯಲ್ಲಿ ಸಿಕ್ಕಿ ನೊರೆಯಾಗುವುದು. ತಣ್ಣನೆಯ ನಾಲಗೆಗೆ ಸಿಹಿಯು ಮಂದವಾಗಿ ತೋರುವುದರಿಂದ, ಮೊದಲೇ ರುಚಿ ನೋಡಿ ಸಕ್ಕರೆಯನ್ನು ತುಸು ಮುಂದಾಗಿ ಹಾಕುವುದು ಯುಕ್ತ.

ದುರದೃಷ್ಟವಶಾತ್ ಈ ಹಣ್ಣಿನ ಸುಗ್ಗಿಯು ಮುಗಿಯುತ್ತ ಬರುವಾಗಲೇ ನಮ್ಮ ಬೇಸಿಗೆಯು ಬಲಿಯತೊಡಗುತ್ತದೆ. ಫೆಬ್ರುವರಿಯ ಹಣ್ಣನ್ನು ತೊಳೆದು ಒರಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಅನಂತರ ಡಬ್ಬಿಗೆ ತುಂಬಿಟ್ಟರೆ ಮೇ ತಿಂಗಳಿಗೂ ಅದು ಒದಗೀತು. ಮನೆಯ ಫ್ರೀಜರು ನಿಧಾನವಾಗಿ ಹೆಪ್ಪುಗಟ್ಟಿಸುವುದರಿಂದ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಕೋಶಭಿತ್ತಿಗಳನ್ನು ಸೀಳುತ್ತವೆ. ಕರಗಿದ ಹಣ್ಣು ಮೆತ್ತಗಾಗಿ ಹಾಗೆಯೇ ತಿನ್ನಲು ಹಿತವೆನಿಸದು. ಆದರೆ ಅರೆಯುವ ಹಣ್ಣಿಗೆ ಇದು ದೋಷವೇ ಅಲ್ಲ, ಅರ್ಧ ಅರೆದಿಟ್ಟಂತೆಯೇ ಸರಿ. ಮೇಲಾಗಿ ಹಿಮವು ಪ್ರತಿ ಗ್ರಾಮಿಗೆ ಸುಮಾರು 80 ಕ್ಯಾಲೊರಿ ಗುಪ್ತೋಷ್ಣವನ್ನು ಹೀರಿಕೊಂಡು ಕರಗುವುದರಿಂದ, ಹೆಪ್ಪುಗಟ್ಟಿದ ಹಣ್ಣೇ ಹಾಲನ್ನು ತಣಿಸುತ್ತದೆ. ಐಸಿನ ತುಂಡುಗಳನ್ನು ಹಾಕಿ ಪಾನೀಯವನ್ನು ನೀರಾಗಿಸಬೇಕಾದ ಪ್ರಮೇಯವಿಲ್ಲ.

ಚಿನ್ನವು ಗಾಳಿಗೆ ಬಾಡದು, ತುಕ್ಕುಹಿಡಿಯದು. ಯುಗಾಂತರಗಳ ಕಾಲ ಬಂಡೆಯ ಬಿರುಕಿನಲ್ಲಿ ಇದ್ದಂತೆಯೇ ಅರೆದ ಮೇಲೂ ಇರುತ್ತದೆ. ಹಣ್ಣಿನ ಕೋಶಗಳು ಒಡೆದ ಗಳಿಗೆಯಿಂದಲೇ, ಅದುವರೆಗೆ ಬೇರೆಬೇರೆ ಕೋಣೆಗಳಲ್ಲಿದ್ದ ಕಿಣ್ವಗಳೂ ಗಾಳಿಯ ಆಮ್ಲಜನಕವೂ ಸಿ ಜೀವಸತ್ತ್ವವನ್ನು ತಲುಪುತ್ತವೆ. 100 ಗ್ರಾಮು ಹಣ್ಣಿನಲ್ಲಿ ಸುಮಾರು 58 ಮಿಲಿಗ್ರಾಮಿನಷ್ಟಿದ್ದ ಅದು ಕ್ಷಯಿಸತೊಡಗುತ್ತದೆ, ಪರಿಮಳವು ನೊರೆಯೊಡನೆ ಆರುತ್ತದೆ, ತಿರುಳು ಪ್ರತ್ಯೇಕವಾಗುತ್ತದೆ. ಇದನ್ನೆಲ್ಲ ವಿವರಿಸಿ ಹೇಳಿದ ಮೇಲೆ ನೆರೆಮನೆಯ ಆ ಸೊಸೆಯು ಒಂದು ಕ್ರಮವನ್ನು ಇಟ್ಟುಕೊಂಡಿದ್ದಾಳೆ: ಹಣ್ಣು ಸಕ್ಕರೆಯಲ್ಲಿ ನೆನೆದು ಸಿದ್ಧವಾಗಿರುತ್ತದೆ, ಹಾಲು ಫ್ರಿಜ್ಜಿನಲ್ಲಿ ತಣ್ಣಗಿರುತ್ತದೆ, ಮೊದಲ ಪಾಳಿಯನ್ನು ಮುಗಿಸಿ ಮೇಲೆ ಬಂದ ಗಂಡನು ಕೈಕಾಲು ತೊಳೆದು ಪಡಸಾಲೆಯಲ್ಲಿ ಕುಳಿತ ಸದ್ದು ಕೇಳಿಸಿದ ಮೇಲೆಯೇ ಅವರ ಮನೆಯ ಮಿಕ್ಸಿ ತಿರುಗುವುದು.